ಕೊಜ್ಮಾ ಕೊಟ್ಟ ತಲೆ

ಎವಂಥಿಗೆ ಯಾರೂ ಗುರಿಯಿಟ್ಟು ಗುಂಡು ಹೊಡೆಯಲಿಲ್ಲ. ಅದು ಆಕಾಶದಿಂದ ಬಿತ್ತು.

ಆ ತೊಂಬತ್ತೇಳರ ಮಾರ್ಚ್ ತಿಂಗಳಲ್ಲಿ ಮುಜೆಚೆ ಬಯಲಿನ ಆಕಾಶದಲ್ಲಿ ಹಕ್ಕಿಗಳಿಗಿಂತ ಗುಂಡುಗಳೇ ಹೆಚ್ಚಾಗಿದ್ದವು. ಇಟ್ಟ ದುಡ್ಡನ್ನು ದುಪ್ಪಟ್ಟು ಮಾಡಿಕೊಡುತ್ತೇವೆಂದಿದ್ದ ಕಂಪನಿಗಳು ಮುಳುಗಿ, ಅಲ್ಬೇನಿಯದ ಜನವೆಲ್ಲ ರೊಚ್ಚಿಗೆದ್ದು, ಸರಕಾರ ಬಾಗಿಲು ಹಾಕಿಕೊಂಡಿತ್ತು. ಸಿಪಾಯಿಗಳು ಸಮವಸ್ತ್ರ ಕಳಚಿ ಬೇಲಿಗೆ ನೇತುಹಾಕಿ ತಂತಮ್ಮ ಮನೆ ಸೇರಿದ್ದರು. ಊರಾಚೆಯ ಮದ್ದುಗುಂಡಿನ ಉಗ್ರಾಣ ಒಡೆದ ದಿನ ಹೆಂಗಸರು ಕೂಡ ಕೈಗಾಡಿ ತಳ್ಳಿಕೊಂಡು ಹೋಗಿ, ಗೋಧಿಹಿಟ್ಟಿನ ಮೂಟೆ ತರುವಷ್ಟು ಸಲೀಸಾಗಿ ಕಲಾಶ್ನಿಕೋವ್ ಬಂದೂಕುಗಳನ್ನು ಹೇರಿಕೊಂಡು ಬಂದಿದ್ದರು. ತಂದ ಮೇಲೆ ಅವುಗಳಿಂದ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಸು ಕರು ಹಾಕಿದರೆ ಹಾರಿಸಿದರು, ಕರೆಂಟು ಬಂದರೆ ಹಾರಿಸಿದರು, ಏನೂ ಆಗದೆ ಬೇಜಾರಾದರೆ ಅದಕ್ಕೂ ಹಾರಿಸಿದರು. ಮೇಲೆ ಹೋದದ್ದು ಕೆಳಗೆ ಬರಲೇಬೇಕೆಂಬುದು ಯಾರ ತಲೆಗೂ ಹೊಳೆದಂತಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತು. ಅಂಗಳದ ದ್ರಾಕ್ಷಿ ಚಪ್ಪರದಡಿ ಎವಂಥಿ ಮಂಡಿಯೂರಿ ಕೂತು, ಗಿಡ್ಡ ಮಣೆಯ ಮೇಲೆ ಬ್ಯುರೆಕ್ ಎಂಬ ಪದರುಪದರಿನ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಎಲೆ ಚಿಗುರದ ಚಪ್ಪರ ಬರಿಯ ಬಳ್ಳಿಯಾಗಿತ್ತು. ಅವಳ ಗಂಡ ಕೊಜ್ಮಾ ಎರಡು ಮಾರು ದೂರದಲ್ಲಿ ಗುದ್ದಲಿಗೆ ಹಿಡಿ ಹಾಕುತ್ತಿದ್ದ.

"ಏ ಕೊಜ್ಮಾ, ಯಾರೋ ಬೆನ್ನಿಗೆ ಕಲ್ಲು ಹೊಡೆದ್ರು ನೋಡು ಮಾರಾಯ," ಎಂದಳು ಎವಂಥಿ.

ಕೊಜ್ಮಾ ಬೇಲಿಯಾಚೆ ನೋಡಿದ. ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಎವಂಥಿ ಹಿಟ್ಟಿನ ಹಾಳೆಯ ಮೇಲೆಯೇ ಮೆಲ್ಲನೆ ಪಕ್ಕಕ್ಕೆ ವಾಲಿದ್ದಳು. ಬಲಗಡೆ ಕೊನೆಯ ಪಕ್ಕೆಲುಬಿನ ಹತ್ತಿರ, ರವಿಕೆಯಲ್ಲಿ ಕಡಲೆಕಾಳಿನಷ್ಟು ತೂತು. ರಕ್ತವೂ ಹೆಚ್ಚು ಬಂದಿರಲಿಲ್ಲ. ಅದನ್ನು ಕಂಡು ಕೊಜ್ಮಾನಿಗೆ ಮೊದಲು ಸಮಾಧಾನವೇ ಆಯಿತು. ಒಳಗೆ ಹರಿಯುವ ರಕ್ತ ಹೊರಗೆ ಹರಿಯುವುದಕ್ಕಿಂತ ಕೆಟ್ಟದ್ದೆಂದು ಅವನಿಗೆ ಆಮೇಲೆ ಗೊತ್ತಾಯಿತು.

ಪಕ್ಕದ ಮನೆಯವನ ಟ್ರ್ಯಾಕ್ಟರಿನ ಹಿಂದಿನ ಗಾಡಿಗೆ ಹುಲ್ಲು ಹರಡಿ ಅವಳನ್ನು ಮಲಗಿಸಿಕೊಂಡು ಹೊರಟರು. ಪಟ್ಟಣದ ಆಸ್ಪತ್ರೆಗೆ ಹತ್ತು ಕಿಲೋಮೀಟರು. ಮೊದಲ ಮೂರು ಕಿಲೋಮೀಟರು ದಾರಿ ಗುಡ್ಡದ ಬುಡ ಸುತ್ತಿಕೊಂಡೇ ಹೋಗುತ್ತದೆ. ಆ ಗುಡ್ಡದ ಮೇಲೆ ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರು ಕಟ್ಟಿದ ಊರಿತ್ತು. ಈಗ ಕಂಬಗಳು, ಮೆಟ್ಟಿಲುಗಳು, ಅವುಗಳ ನಡುನಡುವೆ ಹಳೆಯ ಸರಕಾರ ಅಣಬೆಯಂತೆ ಎಬ್ಬಿಸಿದ್ದ ಸಿಮೆಂಟಿನ ಬಂಕರುಗಳು. ಕೊಜ್ಮಾ ಮೂವತ್ತು ವರ್ಷದಿಂದ ಅಲ್ಲಿನ ಕಾವಲುಗಾರ. ಮದುವೆಯಾದ ವರ್ಷವೇ ಈ ಕೆಲಸ ಸಿಕ್ಕಿದ್ದು. ಮಕ್ಕಳಾಗಲಿಲ್ಲ. "ನನ್ನ ಗಂಡ ಕಲ್ಲುಗಳನ್ನ ಕಟ್ಟಿಕೊಂಡವನು, ನಾನು ಎರಡನೆಯವಳು," ಎಂದು ಎವಂಥಿ ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅವತ್ತು ಗಾಡಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಕೊಜ್ಮಾ ಗುಡ್ಡದ ಕಡೆ ಕತ್ತೆತ್ತಿಯೂ ನೋಡಲಿಲ್ಲ.

*

ಆ ಪ್ರಾಂತ್ಯಕ್ಕೆಲ್ಲ ಅದೊಂದೇ ಸರಕಾರಿ ಆಸ್ಪತ್ರೆ. ಮೂರು ಅಂತಸ್ತು, ಉದ್ದನೆಯ ಪಡಸಾಲೆ, ಅಂಗಳದಲ್ಲಿ ಕಣಗಿಲೆ ಗಿಡಗಳು. ಅವತ್ತು ಬಾಗಿಲಲ್ಲಿ ಕಾವಲಿರಲಿಲ್ಲ, ಕಿಟಕಿಗಳಲ್ಲಿ ಗಾಜಿರಲಿಲ್ಲ. ಪಡಸಾಲೆಯ ನೆಲದ ಮೇಲೆ ಗಾಯಗೊಂಡವರು ಮಲಗಿದ್ದರೆ, ಅವರ ಕಡೆಯವರು ಗೋಡೆಗೆ ಬಂದೂಕು ಒರಗಿಸಿ ಸಿಗರೇಟು ಸೇದುತ್ತಿದ್ದರು.

ಎವಂಥಿಯ ಚಿಕ್ಕಮ್ಮನ ಮಗಳು ವಸಿಲಿಕ ಅಲ್ಲಿ ನರ್ಸು. ಅವಳು ಅಕ್ಕನನ್ನು ನೋಡಿದ್ದೇ ಕೈಲಿದ್ದ ತಟ್ಟೆಯನ್ನು ನೆಲಕ್ಕಿಟ್ಟು ಓಡಿಬಂದಳು.

"ಭಾವ, ಬೇಗ ಎತ್ತು. ಬಿಸಿಲು ಹೋಗೋದ್ರೊಳಗೆ ಟೇಬಲ್ ಹತ್ತಿಸಬೇಕು. ಜನರೇಟರಿನ ಡೀಸೆಲ್ ಕದ್ಕೊಂಡು ಹೋಗಿದಾರೆ. ಡಾಕ್ಟರು ಕಿಟಕಿ ಬೆಳಕಲ್ಲೇ ಕೊಯ್ತಿದಾರೆ."

"ಎಷ್ಟು ಡಾಕ್ಟರಿದಾರೆ?"

"ಎಷ್ಟು ಅಂದ್ರೆ? ಒಬ್ರು. ಮಿಕ್ಕವರು ದೋಣಿ ಹತ್ತಿ ಇಟಲಿಗೆ ಓಡಿದ್ರು."

ಉಳಿದಿದ್ದ ಒಬ್ಬ ಸರ್ಜನ್ ನಜ್ಮಿ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಮೂರು ದಿನದಿಂದ ನೆಟ್ಟಗೆ ಮಲಗಿರಲಿಲ್ಲ. ಅವರು ಹೊರಗೆ ಬಂದದ್ದು ಸೂರ್ಯ ಮುಳುಗುವ ಹೊತ್ತಿಗೆ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕೂತರು. ಕೊಜ್ಮಾನೂ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ನೋಡಿ ಕೊಜ್ಮಾ, ಸುತ್ತಿ ಬಳಸಿ ಹೇಳೋಕೆ ನನಗೆ ಶಕ್ತಿ ಇಲ್ಲ. ಗುಂಡು ಲಿವರ್ ಹರಿದಿದೆ. ಹೊಲಿಗೆ ನಿಲ್ಲಲ್ಲ. ಬಟ್ಟೆ ಒತ್ತಿ ತುಂಬಿ, ಮೇಲೆ ಹೊಲಿದು ಮುಚ್ಚಿದೀನಿ. ಸದ್ಯಕ್ಕೆ ರಕ್ತ ನಿಂತಿದೆ."

"ದೇವರು ದೊಡ್ಡೋನು."

"ಇರಿ, ದೇವರಿಗೆ ಆಮೇಲೆ ಹೇಳಿ. ಆ ಬಟ್ಟೆ ಒಳಗೇ ಇದ್ರೆ ಕೊಳೆಯುತ್ತೆ. ನಾಡಿದ್ದರೊಳಗೆ ಬಿಚ್ಚಿ ತೆಗೀಬೇಕು. ತೆಗೆದಾಗ ಮತ್ತೆ ಹರಿಯುತ್ತೆ. ಆಗ ಬಾಟಲಿಗಟ್ಟಲೆ ರಕ್ತ ಬೇಕು, ದೀಪ ಬೇಕು, ಇನ್ನೊಂದು ಜೊತೆ ಕೈ ಬೇಕು. ಇಲ್ಲಿ ಬಿಚ್ಚಿದ್ರೆ ನಾನೇ ಕೊಂದ ಹಾಗೆ. ರಾಜಧಾನಿಗೆ ತಗೊಂಡು ಹೋಗಬೇಕು."

"ಹೋಗ್ತೀನಿ. ಆಂಬುಲೆನ್ಸ್ ಕೊಡಿ."

ಡಾಕ್ಟರು ನಗಲು ನೋಡಿದರು, ನಗು ಬರಲಿಲ್ಲ. "ಮೂರಿದ್ವು. ಒಂದು ಸುಟ್ಟಿದೆ. ಒಂದಕ್ಕೆ ಚಕ್ರ ಇಲ್ಲ. ಇನ್ನೊಂದು ಬಂದೂಕಿನ ಗುಂಪು ಕಟ್ಟಿಕೊಂಡಿದಾನಲ್ಲ, ಆ ಫೊಟಾಚ್ ಹತ್ರ ಇದೆ. ಅವನ ಹತ್ರ ಇದ್ದದ್ದನ್ನ ಯಾರು ಕೇಳ್ತಾರೆ?"

ಆ ಹೆಸರು ಕೇಳಿ ಕೊಜ್ಮಾ ತಲೆ ತಗ್ಗಿಸಿದ.

ಟ್ರ್ಯಾಕ್ಟರಿನವನನ್ನು ಕೇಳಿ ನೋಡಿದ. "ನೂರು ಕಿಲೋಮೀಟರು, ಕೊಜ್ಮಾ! ಆ ಗುಂಡಿ ರಸ್ತೇಲಿ ನನ್ನ ಗಾಡಿ ಕುಲುಕಿದ್ರೆ ಅವಳ ಹೊಟ್ಟೆ ಹೊಲಿಗೆ ಲುಷ್ನಿಯ ಊರಿನ ಹತ್ರಾನೇ ಬಿಚ್ಚುತ್ತೆ," ಎಂದ ಅವನು. ಸುಳ್ಳಲ್ಲ. ಅವನು ಅಷ್ಟು ಹೇಳಿ ಅಳುತ್ತಲೇ ಗಾಡಿ ತಿರುಗಿಸಿಕೊಂಡು ಹೋದ.

ಬೆಳಗಿನ ಜಾವಕ್ಕೆ ಎವಂಥಿಗೆ ಎಚ್ಚರವಾಗಿತ್ತು. ತುಟಿ ಬಿಳಿಚಿ ಕಾಗದದಂತಾಗಿತ್ತು. ಎರಡು ಕಂಬಳಿ ಹೊದಿಸಿದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು.

"ನನ್ನ ಕಂದು ಶಾಲು ತಂದುಕೊಡು," ಎಂದಳು.

ಕೊಜ್ಮಾ ಕಂಬಳಿಯನ್ನು ಅವಳ ಗಲ್ಲದವರೆಗೆ ಎಳೆದ.

"ಗೊತ್ತು ನಂಗೆ. ನೀನು ಅದನ್ನ ಸವತಿಗೆ ಹೊದಿಸಿದೀಯ. ಬಟ್ಟೆ ಪೆಟ್ಟಿಗೆ ನೋಡಿದೆ, ಇರಲಿಲ್ಲ. ಕೇಳೋಣ ಅಂತಿದ್ದೆ, ಆಮೇಲೆ ಬಿಟ್ಟೆ. ಎಲ್ಲಿಟ್ಟಿದೀಯೋ ನಂಗೆ ಹೇಳಬೇಡ. ಕುಯ್ದರೆ ಬಾಯಿ ಬಿಟ್ಟುಬಿಟ್ಟೇನು," ಎಂದು ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದಳು.

ಸವತಿಯೆಂದರೆ ಒಂದು ಕಲ್ಲಿನ ತಲೆ. ಬಿಳಿ ಅಮೃತಶಿಲೆಯ ಹುಡುಗಿ, ಸಣ್ಣ ಕರಬೂಜದಷ್ಟು ಗಾತ್ರ. ಮೂಗಿನ ತುದಿ ಮುಕ್ಕಾಗಿತ್ತು, ಕಿವಿಯ ಪಕ್ಕ ಎರಡು ಗುಂಗುರು. ಅಗೆತದಲ್ಲಿ ಅದು ಸಿಕ್ಕಾಗ ಮಣ್ಣು ಒರೆಸಿದ್ದೇ ಕೊಜ್ಮಾ. ಗುಡ್ಡದ ಮೇಲಿನ ವಸ್ತುಸಂಗ್ರಹಾಲಯದಲ್ಲಿ ಅದಕ್ಕೊಂದು ಗಾಜಿನ ಪೆಟ್ಟಿಗೆಯಿತ್ತು. ಮದ್ದಿನ ಉಗ್ರಾಣ ಒಡೆದ ಸುದ್ದಿ ಬಂದ ಸಂಜೆ ಕೊಜ್ಮಾ ಅದನ್ನು ಶಾಲಿನಲ್ಲಿ ಸುತ್ತಿ, ಒಂದು ಬಂಕರಿನೊಳಗೆ ಕುರಿಗೊಬ್ಬರದ ಅಡಿ ಹೂತಿಟ್ಟಿದ್ದ. ಎರಡು ದಿನದ ಮೇಲೆ ಜನ ಬಂದು ಬಾಗಿಲೊಡೆದು ಸಿಕ್ಕಿದ್ದನ್ನೆಲ್ಲ ಹೊತ್ತೊಯ್ದರು. ತಲೆ ಮಾತ್ರ ಸಿಗಲಿಲ್ಲ. ಅದಿದ್ದ ಜಾಗ ಲೋಕದಲ್ಲಿ ಕೊಜ್ಮಾ ಒಬ್ಬನಿಗೇ ಗೊತ್ತಿತ್ತು.

*

ಒಂಬತ್ತು ಗಂಟೆಗೆ ಅಂಗಳದಲ್ಲಿ ಸೈರನ್ ಕೂಗಿತು. ಫೊಟಾಚ್ ತನ್ನ ಗುಂಪಿನ ಇಬ್ಬರು ಗಾಯಾಳುಗಳನ್ನು ಆಂಬುಲೆನ್ಸಿನಲ್ಲಿ ತಂದಿದ್ದ. ಅವನ ಕಡೆಯವರು ಡಾಕ್ಟರ ಮುಖಕ್ಕೆ ನೇರವಾಗಿ ಬಂದೂಕು ಹಿಡಿದು, ಮೇಜಿನ ಮೇಲಿದ್ದವನನ್ನು ಇಳಿಸಿ ತಮ್ಮವನನ್ನು ಹತ್ತಿಸಿದರು. ಡಾಕ್ಟರು, "ಬಂದೂಕು ಆ ಕಡೆ ಹಿಡೀರಪ್ಪ, ಬೆಳಕಿಗೆ ಅಡ್ಡ ಬರ್ತಿದೆ," ಎಂದು ಕೆಲಸಕ್ಕೆ ಕೈಹಾಕಿದರು.

ಫೊಟಾಚ್ ಪಡಸಾಲೆಯಲ್ಲಿ ನಡೆದು ಬರುತ್ತ ಕೊಜ್ಮಾನ ಎದುರಿಗೆ ನಿಂತ. ನಲವತ್ತೆರಡರ ವಯಸ್ಸಿಗೇ ಅರವತ್ತರ ಮುಖ. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

"ಆಹಾ, ಕೊಜ್ಮಾ ಮಾಮ! ಕಲ್ಲು ಕಾಯೋದು ಬಿಟ್ಟು ಇಲ್ಲೇನು ಮಾಡ್ತಿದೀಯ?"

ಇವರಿಬ್ಬರ ಲೆಕ್ಕ ಹಳೆಯದು. ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ರಾಜಧಾನಿಯ ಪಂಡಿತರು ಗುಡ್ಡ ಅಗೆಯುವಾಗ, ಹತ್ತೊಂಬತ್ತು ವರ್ಷದ ಫೊಟಾಚ್ ಕೂಲಿಗೆ ಬರುತ್ತಿದ್ದ. ಒಂದು ದಿನ ಬೆಳ್ಳಿಯ ನಾಣ್ಯವೊಂದನ್ನು ನಾಲಿಗೆಯಡಿ ಇಟ್ಟುಕೊಂಡ. ಕೊಜ್ಮಾ ಅದನ್ನು ಕಂಡ. ಸುಮ್ಮನೆ ಕೆನ್ನೆಗೆ ಎರಡು ಬಿಟ್ಟು ನಾಣ್ಯ ಉಗುಳಿಸಬಹುದಿತ್ತು. ಆದರೆ ಕೊಜ್ಮಾ ನಿಯತ್ತಿನ ಮನುಷ್ಯ, ಮೇಲಿನವರಿಗೆ ಹೇಳಿದ. ಅದು ಪ್ರಜೆಗಳ ಸೊತ್ತಿನ ಕಳವಾಯಿತು. ಎಂಟು ವರ್ಷ ಉತ್ತರದ ತಾಮ್ರದ ಗಣಿ. ಬೆರಳುಗಳು ಉಳಿದದ್ದು ಅಲ್ಲಿಯೇ.

"ಎವಂಥಿಗೆ ಗುಂಡು ತಗುಲಿದೆ," ಎಂದ ಕೊಜ್ಮಾ.

ಫೊಟಾಚ್‌ನ ಮುಖದ ವ್ಯಂಗ್ಯ ಒಂದು ಗಳಿಗೆ ಇಳಿಯಿತು. "ಅತ್ತೆಗಾ? ಯಾರು ಹೊಡೆದದ್ದು?"

"ಯಾರೂ ಇಲ್ಲ. ಮೇಲಿಂದ ಬಿತ್ತು." ಕೊಜ್ಮಾ ಅಂಗಳದ ಕಡೆ ಕೈ ತೋರಿದ. "ಫೊಟಾಚ್, ಆ ಆಂಬುಲೆನ್ಸ್ ಕೊಡೋ. ರಾಜಧಾನಿಗೆ ಹೋಗಬೇಕು. ನಾಳೆ ಅನ್ನೋದ್ರೊಳಗೆ ತಲುಪದೆ ಇದ್ರೆ ಉಳಿಯಲ್ಲ."

ಫೊಟಾಚ್ ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ. ಸಿಗರೇಟು ಹಚ್ಚಿ ಕೊಜ್ಮಾನಿಗೂ ಒಂದು ಕೊಟ್ಟ. ಆಮೇಲೆ ಯಾರೋ ಹಾಲಿನ ವಿಷಯ ಮಾತಾಡುವಂತೆ ಮೆಲ್ಲಗೆ ಕೇಳಿದ: "ಆ ಹುಡುಗಿ ತಲೆ ಎಲ್ಲಿಟ್ಟಿದೀಯ, ಮಾಮ?"

ಕೊಜ್ಮಾ ಸಿಗರೇಟಿನ ಬೂದಿ ಕೊಡವಿದ.

"ಹೊಳೆ ಬಾಯಲ್ಲಿ ಇಟಲಿಯವನೊಬ್ಬ ದೋಣಿ ನಿಲ್ಲಿಸಿಕೊಂಡು ಕೂತಿದಾನೆ. ಮಡಿಕೆ ಚೂರು, ದೀಪ ಎಲ್ಲ ನೋಡಿ ಮೂಗು ಮುರಿದ. ತಲೆ ಬೇಕಂತೆ. ನಿನ್ನನ್ನ ಹೊಡೆದು ಕೇಳಬಹುದಿತ್ತು. ಹುಡುಗರು ಹಾಗೇ ಅಂದ್ರು. ನಾನು ಬೇಡ ಅಂದೆ. ಆ ಮುದುಕ ಸತ್ತರೂ ಹೇಳಲ್ಲ ಅಂದೆ. ನಿನ್ನ ಬಗ್ಗೆ ನಂಗೆ ಅಷ್ಟು ಗೌರವ ನೋಡು."

"ಕೊಟ್ಟರೆ ಗಾಡಿ ಕೊಡ್ತೀಯಾ?"

ಇಷ್ಟು ಬೇಗ ಈ ಮಾತು ಬರುತ್ತದೆಂದು ಫೊಟಾಚ್ ಅಂದುಕೊಂಡಿರಲಿಲ್ಲ. ಸಿಗರೇಟು ಬಾಯಿಂದ ತೆಗೆದು ಅವನನ್ನೇ ನೋಡಿದ.

"ಗಾಡಿ ಕೊಡ್ತೀನಿ, ಡ್ರೈವರ್ ಕೊಡ್ತೀನಿ, ಮುಂದೆ ಕೂರೋಕೆ ಬಂದೂಕಿನವನನ್ನ ಕೊಡ್ತೀನಿ. ನನ್ನ ಮಾತು ಮಾತು. ಆದರೆ ಮಾಮ..." ಅವನು ತನ್ನ ಮುಕ್ಕಾದ ಕೈಯನ್ನು ಕೊಜ್ಮಾನ ಮೊಣಕಾಲ ಮೇಲಿಟ್ಟ. "ಒಂದು ನಾಣ್ಯಕ್ಕೆ ನನ್ನ ಎಂಟು ವರ್ಷ ತಗೊಂಡೆಯಲ್ಲ. ಆವತ್ತು ನಿನಗೆ ಹೀಗೆ, ಹೋಗಲಿ ಬಿಡು ಅಂತ, ಒಂದು ಗಳಿಗೆ ಕೂಡ ಅನ್ನಿಸಲಿಲ್ವಾ?"

ಕೊಜ್ಮಾ, "ಎದ್ದೇಳು, ಹೊತ್ತಾಗ್ತಿದೆ," ಎಂದಷ್ಟೇ ಹೇಳಿದ.

ಹಾಡುಹಗಲಿನಲ್ಲಿಯೇ ಗುಡ್ಡಕ್ಕೆ ಹೋದರು. ಕದ್ದುಮುಚ್ಚಿ ಮಾಡುವ ಅಗತ್ಯವೇ ಇರಲಿಲ್ಲ, ತಡೆಯುವವರು ಯಾರಿದ್ದರು? ಕಂಬಗಳ ನಡುವೆ ಯಾರದೋ ಕುರಿಗಳು ಮೇಯುತ್ತಿದ್ದವು. ಕೊಜ್ಮಾ ಬಂಕರಿನೊಳಗೆ ಬಗ್ಗಿ, ಕೈಯಿಂದಲೇ ಗೊಬ್ಬರ ಬಗೆದ. ಶಾಲಿನ ಗಂಟು ಎತ್ತಿ ಹೊರಗೆ ತಂದು ಬಿಚ್ಚಿದ. ಬಿಸಿಲಿಗೆ ಆ ಹುಡುಗಿಯ ಮುಖ ಬೆಚ್ಚಗಿದ್ದಂತೆ ಕಂಡಿತು. ಫೊಟಾಚ್ ಬಗ್ಗಿ ಅದರ ಮುಕ್ಕಾದ ಮೂಗನ್ನು ಬೆರಳಿಂದ ಮುಟ್ಟಿದ. ಆಮೇಲೆ ಕೋಟು ಕಳಚಿ ಅದರಲ್ಲಿ ಸುತ್ತಿಕೊಂಡ. ಕೊಜ್ಮಾ ಶಾಲು ಕೊಡವಿದ. ಎಷ್ಟು ಕೊಡವಿದರೂ ಕುರಿಯ ವಾಸನೆ ಹೋಗಲಿಲ್ಲ.

ಅವನು ಆಸ್ಪತ್ರೆಗೆ ಮರಳಿ ಶಾಲು ಹೊದಿಸಿದಾಗ ಎವಂಥಿ ಅದರ ಅಂಚನ್ನು ಮೂಗಿಗೆ ಹಿಡಿದಳು.

"ಸವತಿ ಮೈಮೇಲಿಂದ ಕಿತ್ತು ತಂದ್ಯಾ?"

"ಹ್ಞೂಂ."

"ಅವಳಿಗೆ ಚಳಿ ಆಗಲ್ವಾ?"

"ಕಲ್ಲಿಗೆ ಎಂಥ ಚಳಿ."

ಎವಂಥಿ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. "ಮೂವತ್ತು ವರ್ಷದಲ್ಲಿ ನಿನ್ನ ಬಾಯಲ್ಲಿ ಈ ಮಾತು ಕೇಳಿರಲಿಲ್ಲ," ಎಂದಳು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ನೋವಿಗೋ ಇನ್ನೇತಕ್ಕೋ, ಅವನು ವಿಚಾರಿಸಲಿಲ್ಲ.

*

ಫೊಟಾಚ್ ಮಾತಿಗೆ ತಪ್ಪಲಿಲ್ಲ. ಹನ್ನೊಂದೂವರೆಗೆ ಆಂಬುಲೆನ್ಸ್ ಹೊರಟಿತು. ಮುಂದೆ ಡ್ರೈವರ್, ಬಂದೂಕಿನವನು. ಹಿಂದೆ ಎವಂಥಿ, ಕೊಜ್ಮಾ, ವಸಿಲಿಕ. ಆಸ್ಪತ್ರೆಯಲ್ಲಿ ಉಳಿದಿದ್ದ ಮೂವರು ನರ್ಸುಗಳಲ್ಲಿ ಒಬ್ಬಳಾದ ಅವಳನ್ನು ಡಾಕ್ಟರು ಜೊತೆಗೆ ಕಳಿಸಿದ್ದರು. ಕಿಟಕಿಯಲ್ಲಿ ಕೈ ಚಾಚಿ ಕೊಜ್ಮಾನ ಭುಜ ತಟ್ಟಿ, "ಸಂಜೆ ಒಳಗೆ ಮುಟ್ಟಿದ್ರೆ ಉಳೀತಾಳೆ. ನನ್ನ ಮಾತು ನಂಬಿ," ಎಂದಿದ್ದರು.

ದಾರಿಯಲ್ಲಿ ಎರಡು ಕಡೆ ಮರ ಅಡ್ಡ ಹಾಕಿದ್ದರು. ಎರಡು ಕಡೆಯೂ ಬಂದೂಕಿನವನು ಇಳಿದು ಫೊಟಾಚ್‌ನ ಹೆಸರು ಹೇಳಿದ, ಮರ ಸರಿಯಿತು. ಕೊಜ್ಮಾ ಮನಸ್ಸಿನಲ್ಲಿಯೇ ಕಿಲೋಮೀಟರು ಎಣಿಸುತ್ತಿದ್ದ. ಅರ್ಧ ದಾರಿ ಮುಗಿದಿತ್ತು.

ಶ್ಕುಂಬಿನ್ ಹೊಳೆಯ ಸೇತುವೆಯ ಬಾಯಿಗೆ ಬಂದಾಗ ಎದುರಿನಿಂದ ಗುಂಡು ಬಂದು ಮುಂದಿನ ಎರಡೂ ಚಕ್ರ ಒಡೆದವು.

ಸೇತುವೆ ಹಿಡಿದಿದ್ದವರು ಬೇರೆ ಗುಂಪಿನವರು. ಮುಖಕ್ಕೆ ಹೆಂಗಸರ ಕಾಲುಚೀಲ ಎಳೆದುಕೊಂಡಿದ್ದರು. ಎರಡು ದಿನದ ಹಿಂದೆ ಇದೇ ಆಂಬುಲೆನ್ಸಿನಲ್ಲಿ ಬಂದು ಫೊಟಾಚ್‌ನವರು ಇವರ ಲಾರಿಯೊಂದನ್ನು ಕಸಿದು, ಒಬ್ಬನನ್ನು ಕೊಂದುಹೋಗಿದ್ದರು. ಡ್ರೈವರೂ ಬಂದೂಕಿನವನೂ ಬಾಗಿಲು ತೆರೆದು ಹೊಲಕ್ಕೆ ಹಾರಿ ಓಡಿದರು. ಹಿಂದಿನ ಬಾಗಿಲು ತೆರೆದವನಿಗೆ ಕಂಡದ್ದು ಒಬ್ಬ ಮುದುಕ, ಇಬ್ಬರು ಹೆಂಗಸರು.

"ಇದು ಫೊಟಾಚ್‌ನ ಗಾಡಿ," ಎಂದ ಅವನು.

"ಆಸ್ಪತ್ರೆ ಗಾಡಿ ಕಣಪ್ಪ!" ವಸಿಲಿಕ ಕೂಗಿದಳು. "ನೋಡು, ಹೊಟ್ಟೆ ಕೊಯ್ದಿದೆ. ನಿನ್ನ ಅವ್ವನ ವಯಸ್ಸಿನವಳು!"

"ನಮ್ಮವನಿಗೂ ಅವ್ವ ಇದಾಳೆ. ಫೊಟಾಚ್ ಬಂದು ಮಾತಾಡಲಿ. ಆಮೇಲೆ ಬಿಡ್ತೀವಿ."

"ಚಕ್ರ ಹಾಕಿಕೊಡಿ. ನಾನು ಇಲ್ಲೇ ಇರ್ತೀನಿ. ನನ್ನನ್ನ ಇಟ್ಕೊಳ್ಳಿ, ಇವರನ್ನ ಬಿಡಿ," ಎಂದ ಕೊಜ್ಮಾ. ರಸ್ತೆಯ ಮೇಲೆ ಮಂಡಿಯೂರಿದ. ಅವರಲ್ಲೊಬ್ಬ ಮುಜುಗರಪಟ್ಟು, "ಏಳಪ್ಪ ಅಜ್ಜ, ಏಳು. ನಾಟಕ ಬೇಡ," ಎಂದು ರಟ್ಟೆ ಹಿಡಿದು ಎತ್ತಿದ.

ಒಂದು ಗಂಟೆಯಿಂದ ಕಾದರು. ಎರಡಾಯಿತು. ಎವಂಥಿಯ ಹೊಟ್ಟೆ ಉಬ್ಬಿ ಬಿಗಿಯಾಗುತ್ತ ಬಂತು. ವಸಿಲಿಕ ಪಟ್ಟಿಯ ಮೇಲೆ ಅಂಗೈ ಇಟ್ಟು, ಕೊಜ್ಮಾನ ಕಡೆ ನೋಡಿ, ಮುಖ ತಿರುಗಿಸಿದಳು.

ಮೂರು ಗಂಟೆಯ ಹೊತ್ತಿಗೆ ಹಿಂದಿನಿಂದ ಬ್ರೆಡ್ಡಿನ ವ್ಯಾನೊಂದು ಬಂತು. ಅದೂ ಅದೇ ಪಟ್ಟಣದಿಂದ ಬಂದದ್ದು. ಬ್ರೆಡ್ಡಿನ ಪೆಟ್ಟಿಗೆಗಳ ನಡುವೆ ಹಾಸಿಗೆ ಹಾಕಿ, ಕಾಲಿಗೆ ಗುಂಡು ಬಿದ್ದ ಒಬ್ಬನನ್ನು ಮಲಗಿಸಿದ್ದರು. ಮುಸುಕಿನವರು ಹಿಂದಿನ ಬಾಗಿಲು ತೆರೆದು ನೋಡಿ, ಆರು ಬ್ರೆಡ್ಡು ಎತ್ತಿಕೊಂಡು, "ಹೋಗು ಹೋಗು," ಎಂದು ಕೈ ಬೀಸಿದರು. ವಸಿಲಿಕ ಓಡಿಹೋಗಿ ವ್ಯಾನಿನ ಬಾಗಿಲು ಹಿಡಿದಳು. ಮುಸುಕಿನವನೊಬ್ಬ ಅವಳ ಕೈ ಬಿಡಿಸಿದ. "ಫೊಟಾಚ್‌ನ ಜನ ಎಲ್ಲೂ ಹೋಗೋ ಹಾಗಿಲ್ಲ."

"ನಾವು ಅವನ ಜನ ಅಲ್ಲ!" ಎಂದ ಕೊಜ್ಮಾ.

"ಹಾಗಾದ್ರೆ ಅವನು ಗಾಡಿ ಯಾಕೆ ಕೊಟ್ಟ?"

ಅದಕ್ಕೆ ಕೊಜ್ಮಾನ ಹತ್ತಿರ ಉತ್ತರವಿತ್ತು. ಆದರೆ ಬಾಯಿ ಏಳಲಿಲ್ಲ. ವ್ಯಾನು ಸೇತುವೆ ದಾಟಿ, ಆಚೆ ದಡದ ಧೂಳಿನಲ್ಲಿ ಮರೆಯಾಗುವವರೆಗೆ ಅವನು ನೋಡುತ್ತಲೇ ನಿಂತ. ಹಿಂದಿನ ದಿನವೇ ಬೇಕರಿಯ ಬಾಗಿಲಿಗೆ ಹೋಗಿ ಕೇಳಿದ್ದರೆ ಸಾಕಿತ್ತು. ಅದು ಅವನಿಗೆ ಹೊಳೆದಿರಲೇ ಇಲ್ಲ.

ಎವಂಥಿ ನೀರು ಕೇಳಿದಳು. ವಸಿಲಿಕ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದಳು.

"ಹಸುವಿಗೆ ಕುಡಿಯೋಕೆ ಇಟ್ಟು ಬಂದಿದೀಯ ತಾನೇ?" ಎಂದಳು ಎವಂಥಿ.

"ಇಟ್ಟಿದೀನಿ," ಎಂದ ಕೊಜ್ಮಾ. ಹಸುವಿನ ನೆನಪೇ ಅವನಿಗೆ ಇರಲಿಲ್ಲ.

"ಕೆಂಪು ಬಕೆಟ್ಟು ಸೋರುತ್ತೆ," ಎಂದಳು. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಅವಳ ಉಸಿರು ನಿಂತಿತು.

ಅವಳು ಸತ್ತ ಮೇಲೆ ಮುಸುಕಿನವರು ಬಾಗಿಲ ಬಳಿ ಬಂದು, ಟೋಪಿ ತೆಗೆದು, ಶಿಲುಬೆಯ ಗುರುತು ಮಾಡಿಕೊಂಡರು. ರಟ್ಟೆ ಹಿಡಿದು ಎಬ್ಬಿಸಿದ್ದವನು, "ತಪ್ಪು ತಿಳೀಬೇಡ ಅಜ್ಜ, ನಿನ್ನ ಮೇಲೆ ನಮಗೇನೂ ಇಲ್ಲ," ಎಂದ. ಬ್ರೆಡ್ಡು ಇಳಿಸಿ ಕತ್ತಲಾದ ಮೇಲೆ ಮರಳಿ ಬಂದ ವ್ಯಾನನ್ನು ಅವರೇ ನಿಲ್ಲಿಸಿ, ಹೆಣವನ್ನು ಹತ್ತಿಸಿಕೊಟ್ಟರು. ಖಾಲಿ ಪೆಟ್ಟಿಗೆಗಳ ನಡುವೆ ಹಾಸಿಗೆ ಇನ್ನೂ ಹಾಗೆಯೇ ಹಾಸಿತ್ತು.

*

ಹೂಳಿದ ಮೂರನೆಯ ದಿನ ಫೊಟಾಚ್ ಮೂರು ಕಾರಿನಲ್ಲಿ ಬಂದ. ಸಾವಿನ ಮನೆಯಲ್ಲಿ ಕೊಡುವ ಸಕ್ಕರೆಯಿಲ್ಲದ ಕಾಫಿ ಕುಡಿದ. "ಅತ್ತೆ ತನ್ನ ಆಯುಸ್ಸನ್ನ ನಿಮಗೆ ಬಿಟ್ಟು ಹೋಗಿರಲಿ," ಎಂದು ಎಲ್ಲರೆದುರು ಹೇಳಬೇಕಾದದ್ದನ್ನು ಹೇಳಿದ. ಹೊರಡುವಾಗ ಬಾಗಿಲಲ್ಲಿ ನಿಂತು ಕೊಜ್ಮಾನಿಗೆ ಮಾತ್ರ ಕೇಳುವಂತೆ ಹೇಳಿದ:

"ನಾನು ಮಾತು ಉಳಿಸಿಕೊಂಡೆ, ಮಾಮ."

"ಉಳಿಸಿಕೊಂಡೆ."

"ಹಾಗಾದ್ರೆ ಕೈ ಕೊಡು."

ಕೊಜ್ಮಾ ಕೈ ಕೊಟ್ಟ. ಮೂರು ಬೆರಳಿನ ಆ ಹಿಡಿತ ಬಹಳ ಹೊತ್ತು ಅವನ ಅಂಗೈಯಲ್ಲಿ ಉಳಿಯಿತು.

ಬೇಸಿಗೆಗೆ ಹೊರದೇಶದ ಸೈನಿಕರು ಬಂದರು, ಹೊಸ ಸರಕಾರ ಬಂತು. ರಾಜಧಾನಿಯಿಂದ ಅಧಿಕಾರಿಯೊಬ್ಬ ಗುಡ್ಡಕ್ಕೆ ಬಂದು ಏನು ಉಳಿದಿದೆ, ಏನು ಹೋಗಿದೆ ಎಂದು ಬರೆದುಕೊಳ್ಳುತ್ತಿದ್ದ. ಕೊಜ್ಮಾ ತೊಳೆದ ಅಂಗಿ ತೊಟ್ಟು ಅವನ ಮೇಜಿನ ಮುಂದೆ ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಹೇಳುವಾಗ ಅವನ ಧ್ವನಿ ಗಟ್ಟಿಯಾಗಿಯೇ ಇತ್ತು. ಜೈಲಿಗೆ ಬೇಕಾದ ಬಟ್ಟೆಯನ್ನು ಗಂಟು ಕಟ್ಟಿ ಬಾಗಿಲ ಹೊರಗೆ ಇಟ್ಟು ಬಂದಿದ್ದ.

ಅಧಿಕಾರಿ ಲೇಖನಿ ಕೆಳಗಿಟ್ಟ. "ಆ ತಲೆ ಬಾಗಿಲೊಡೆದ ದಿನವೇ ಹೋಯ್ತು ಅಂತ ಬರೆದು, ಸಹಿಯಾಗಿ, ಮೇಲಕ್ಕೂ ಹೋಗಿದೆ, ಯಜಮಾನ್ರೇ. ಈಗ ನೀವು ಬಂದು ಬೇರೆ ಕತೆ ಹೇಳಿದ್ರೆ ನಾನು ಎಲ್ಲಾ ಮೊದಲಿಂದ ಬರೀಬೇಕು."

"ಕತೆ ಅಲ್ಲ. ನಾನೇ ಕೊಟ್ಟೆ. ಈ ಕೈಯಿಂದ."

"ಹೆಂಡತಿ ತೀರಿಕೊಂಡ್ರು ಅಂತ ಕೇಳಿದೆ. ನೋವಿದೆ, ಅರ್ಥ ಆಗುತ್ತೆ. ಮನೆಗೆ ಹೋಗಿ. ಪಿಂಚಣಿಗೆ ಇನ್ನೆಷ್ಟು ವರ್ಷ?"

"ಮೂರು."

"ಸುಮ್ಮನೆ ಕಳೆದುಬಿಡಿ."

ಕೊಜ್ಮಾ ಗಂಟು ಎತ್ತಿಕೊಂಡು ಅಲ್ಲಿಂದ ಸೀದಾ ಪಟ್ಟಣದ ಆಸ್ಪತ್ರೆಗೆ ನಡೆದ. ಯಾರಿಗಾದರೂ ಹೇಳಬೇಕಿತ್ತು. ಡಾಕ್ಟರ್ ನಜ್ಮಿ ತಮ್ಮ ಕೋಣೆಯಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

"ನನ್ನ ಮಾತು ನಂಬಿ ಅಂದಿದ್ದೆ ನಿಮಗೆ," ಎಂದರು ಕೊನೆಗೆ.

"ನೀವು ಮಾಡೋದು ಮಾಡಿದ್ರಿ, ಡಾಕ್ಟ್ರೇ. ಎಲ್ಲಿಗೆ ಹೊರಟ್ರಿ?"

"ಬವೇರಿಯಾ. ಒಂದು ವೃದ್ಧಾಶ್ರಮದಲ್ಲಿ ಕೆಲಸ. ಮುದುಕರಿಗೆ ಮಾತ್ರೆ ಕೊಡೋದು." ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. "ಏಪ್ರಿಲಿಂದ ಹೀಗೆ. ಕತ್ತಿ ಹಿಡಿಯೋಕೆ ಆಗಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ."

ಜುಲೈ ಕೊನೆಗೆ ಫೊಟಾಚ್‌ನನ್ನು ಅವನ ಮನೆಯಂಗಳದಲ್ಲಿಯೇ ಯಾರೋ ಕೊಂದರು. ಮಣ್ಣಿಗೆ ಊರಿನವರು ಹೆಚ್ಚು ಹೋಗಲಿಲ್ಲ. ವಾರದ ಮೇಲೆ ಒಂದು ಬೆಳಿಗ್ಗೆ ಕೊಜ್ಮಾ ಹೋದ. ಯಾಕೆ ಹೋಗುತ್ತಿದ್ದೇನೆಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡ. ತಲೆ ಯಾರ ಕೈ ಸೇರಿತೆಂದು ತಿಳಿಯುವುದಕ್ಕೆ ಎಂದು ತಾನೇ ಹೇಳಿಕೊಂಡ.

ಫೊಟಾಚ್‌ನ ತಾಯಿ ಒಬ್ಬಳೇ ಇದ್ದಳು. ಎಂಬತ್ತು ದಾಟಿದ ಮುದುಕಿ, ಕಪ್ಪು ತಲೆವಸ್ತ್ರ. ಬಂದವನು ಯಾರೆಂದು ಗುರುತು ಹಿಡಿದಳು. ಬಾಗಿಲು ಹಾಕಲಿಲ್ಲ. ಒಳಗೆ ಹೋಗಿ, ಕಹಿ ಕಾಫಿ ತಂದು ಮುಂದಿಟ್ಟಳು.

"ಅವನು ತನ್ನ ಆಯುಸ್ಸನ್ನ ನಿನಗೆ ಬಿಟ್ಟು ಹೋಗಿರಲಿ, ಅವ್ವಾ," ಎಂದ ಕೊಜ್ಮಾ.

"ಯಾವ ಆಯುಸ್ಸು? ಎಂಟು ವರ್ಷ ನೀನು ತಗೊಂಡೆ. ಉಳಿದದ್ದು ಅವರು ತಗೊಂಡ್ರು." ಮುದುಕಿ ಎದುರಿಗೆ ಕೂತಳು. "ಅವನು ಗಣಿಯಲ್ಲಿದ್ದಷ್ಟು ದಿನ ನಾನು ಬೆಳಿಗ್ಗೆ ಎದ್ದು ಮೊದಲು ನಿನಗೆ ಶಾಪ ಹಾಕ್ತಿದ್ದೆ, ಆಮೇಲೆ ಮುಖ ತೊಳೀತಿದ್ದೆ. ನಿನ್ನ ಹೆಂಡತಿ ಸತ್ತಳು ಅಂದಾಗ, ಅಂತೂ ತಗುಲಿತು ಅಂದ್ಕೊಂಡೆ. ಅವಳು ಒಳ್ಳೆಯವಳು. ನಂಗೆ ಖುಷಿಯೂ ಆಗಲಿಲ್ಲ."

ಕೊಜ್ಮಾ ಕಾಫಿ ಕುಡಿದ.

"ಅವ್ವಾ, ಒಂದು ತಲೆ ಇತ್ತು. ಕಲ್ಲಿನದು. ಅವನು ಯಾರಿಗೆ ಕೊಟ್ಟ ಅಂತ ಏನಾದ್ರೂ..."

"ಯಾವ ತಲೆ?" ಮುದುಕಿ ಅವನನ್ನು ದಿಟ್ಟಿಸಿದಳು. "ನಾನು ಈ ಮಡಿಲಲ್ಲಿ ಇಟ್ಕೊಂಡಿದ್ದು ಒಂದೇ ತಲೆ. ಮೂರು ಗುಂಡು ಇದ್ವು ಅದರಲ್ಲಿ. ನಿನಗೆ ಇನ್ಯಾವ ತಲೆ ಬೇಕು?"

ಕೊಜ್ಮಾ ಬಟ್ಟಲು ಕೆಳಗಿಟ್ಟು ಎದ್ದ. ಏನಾದರೂ ಹೇಳಬೇಕೆಂದು ಬಾಗಿಲಲ್ಲಿ ನಿಂತ. ಮುದುಕಿ ಬಟ್ಟಲು ಎತ್ತಿಕೊಂಡು, ಅವನ ಕಡೆ ನೋಡದೆ, "ಇನ್ನು ಬರಬೇಡ," ಎಂದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೊಜ್ಮಾ ಎಂದಿನಂತೆ ಗುಡ್ಡ ಹತ್ತಿ ಗೇಟು ತೆರೆದು, ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಸಂಜೆಯವರೆಗೂ ಯಾರೂ ಬರಲಿಲ್ಲ.